ವನ್ಯಜೀವಿ ಟ್ರಸ್ಟ್‌ಗಳ ಆಡಳಿತ ಮಂಡಳಿಯಲ್ಲಿ ಕಾಡಂಚಿನವರಿಗೂ ಸ್ಥಾನವಿರಲಿ

ಮಾನ್ಯ ಸಂಪಾದಕರೇ,

ಮಾರ್ಚ್ ಹತ್ತಿರವಾಗುತ್ತಿದ್ದಂತೆ ವನ್ಯಜೀವಿ ಸಂರಕ್ಷಣೆಗೆ ದೇಣಿಗೆ ಕೋರುವ ಮನವಿಪತ್ರಗಳು ಪ್ರತಿ ವರ್ಷವೂ ಬರುತ್ತವೆ. ಮುಖಪುಟದಲ್ಲಿ ಹುಲಿಯ ಅಥವಾ ಮರಿಯಾನೆಯ ಚಿತ್ರ, ಒಳಗೆ ವರ್ಷದ ಕೆಲಸಗಳ ವಿವರ, ಕಡೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಟ್ರಸ್ಟಿಗಳ ಹೆಸರು ಇರುತ್ತವೆ. ಆ ಕಡೆಯ ಪುಟವನ್ನು ಓದಿ ದೇಣಿಗೆ ಕೊಡುವವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಬ್ಯಾಂಕ್ ನೌಕರಿಯಿಂದ ನಿವೃತ್ತನಾದ ಮೇಲೆ ಅಂಥ ಒಂದು ಸಣ್ಣ ಟ್ರಸ್ಟಿನಲ್ಲಿ ಒಂಬತ್ತು ವರ್ಷ ಖಜಾಂಚಿಯಾಗಿ ಕೆಲಸ ಮಾಡಿದವನು ನಾನು. ಆ ಹೆಸರುಗಳು ಯಾರವು, ಅವರಲ್ಲಿ ಯಾರು ಇಲ್ಲ ಎಂಬುದರ ಮೇಲೆ ಕಾಡಿನ ಒಳಿತು ಎಷ್ಟರಮಟ್ಟಿಗೆ ನಿಂತಿದೆ ಎಂಬುದನ್ನು ಕಣ್ಣಾರೆ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, ಈ ಸ್ಥಾನಗಳಲ್ಲಿ ಕುಳಿತವರ ಬಗ್ಗೆ ನನಗೆ ಗೌರವವಿದೆ ಎಂಬುದನ್ನು ಹೇಳಬೇಕು. ಬಂದ ಹಣವನ್ನು ಯಾವ ಕೆಲಸಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬಾರದು, ಅರಣ್ಯ ಇಲಾಖೆಯೊಂದಿಗೆ ಎಲ್ಲಿ ಕೈಜೋಡಿಸಬೇಕು, ಯಾವಾಗ ನ್ಯಾಯಾಲಯದ ಮೆಟ್ಟಿಲೇರಬೇಕು ಎಂಬ ತೀರ್ಮಾನಗಳನ್ನೆಲ್ಲ ಅವರು ಒಂದು ರೂಪಾಯಿ ಸಂಬಳವಿಲ್ಲದೆ ತೆಗೆದುಕೊಳ್ಳುತ್ತಾರೆ ಮತ್ತು ಆಡಿಟ್ ವರದಿಗೆ ಸಹಿ ಹಾಕಿ ಅದರ ಹೊಣೆಯನ್ನೂ ಹೊರುತ್ತಾರೆ. ನಮ್ಮ ಮಂಡಳಿಯಲ್ಲಿದ್ದ ವಕೀಲರೊಬ್ಬರು ಭಾನುವಾರಗಳನ್ನೆಲ್ಲ ಟ್ರಸ್ಟಿನ ಕಾಗದಪತ್ರಗಳಿಗೇ ಮೀಸಲಿಟ್ಟಿದ್ದರು.

ಒಬ್ಬ ಟ್ರಸ್ಟಿಯಿಂದ ಏನು ಸಾಧ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ನಿದರ್ಶನವಿದೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ರಾಷ್ಟ್ರೀಯ ಉದ್ಯಾನದ ಒಡಲಲ್ಲಿ ಮುಂದುವರಿಯಬಾರದೆಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದವರು ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಟ್ರಸ್ಟಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು. 2002ರ ಅಕ್ಟೋಬರ್ 30ರಂದು ಬಂದ ತೀರ್ಪು ಇಂದಿಗೂ ಅವರ ಹೆಸರಿನಲ್ಲೇ ಉಲ್ಲೇಖವಾಗುತ್ತದೆ. ಆ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಚಿಣ್ಣಪ್ಪನವರು ವಿಜ್ಞಾನಿಯೂ ಅಲ್ಲ, ಉದ್ಯಮಿಯೂ ಅಲ್ಲ. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ವರ್ಷಗಟ್ಟಲೆ ಕಾಡು ಸುತ್ತಿ, ಬೇಟೆಗಾರರನ್ನೂ ಮರಗಳ್ಳರನ್ನೂ ಎದುರು ಹಾಕಿಕೊಂಡು, 1993ರಲ್ಲಿ ಇಲಾಖೆಯ ಕೆಲಸ ಬಿಟ್ಟು ಬಂದವರು. ಅವರ ಜೊತೆಯಲ್ಲಿ ಕಾನೂನು ಬಲ್ಲವರಿದ್ದರು, ವಿಜ್ಞಾನ ಬಲ್ಲವರಿದ್ದರು, ನಿಜ. ಆದರೆ ಕಾಡಿನ ಮಣ್ಣು ಕಾಲಿಗೆ ಅಂಟಿದ ಮನುಷ್ಯನೊಬ್ಬ ಆ ಮೇಜಿನ ಮುಂದೆ ಕುಳಿತದ್ದರಿಂದಲೇ ಆ ಹೋರಾಟಕ್ಕೆ ಅಷ್ಟು ತೂಕ ಬಂತೆಂದು ನಾನು ನಂಬಿದ್ದೇನೆ.

ನಮ್ಮ ಟ್ರಸ್ಟಿನಲ್ಲಿ ಅಂಥವರು ಒಬ್ಬರೂ ಇರಲಿಲ್ಲ. ಏಳು ಮಂದಿ ಟ್ರಸ್ಟಿಗಳಲ್ಲಿ ಐವರು ಬೆಂಗಳೂರಿನವರು, ಇಬ್ಬರು ಮೈಸೂರಿನವರು. ಸಭೆಗಳು ಬೆಂಗಳೂರಿನಲ್ಲಿ, ಮಾತು ಮತ್ತು ನಡಾವಳಿ ಇಂಗ್ಲಿಷಿನಲ್ಲಿ. ಹಾಗಿರುವುದು ತಪ್ಪೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. 2016ರ ಬರಗಾಲದಲ್ಲಿ ಕೆರೆಕಟ್ಟೆಗಳು ಒಣಗಿದಾಗ, ಬಂಡೀಪುರದ ಅಂಚಿನ ಒಂದು ಹಳ್ಳಿಯ ಪಕ್ಕದಲ್ಲಿ, ಕಾಡಿನ ಗಡಿಗೆ ತಾಗಿದ ಜಾಗದಲ್ಲಿ ಕೊಳವೆಬಾವಿ ಕೊರೆಸಿ, ಸೋಲಾರ್ ಪಂಪ್ ಕೂರಿಸಿ, ಪ್ರಾಣಿಗಳಿಗೆ ನೀರಿನ ತೊಟ್ಟಿ ಕಟ್ಟಿಸಲು ಮಂಡಳಿ ಒಮ್ಮತದಿಂದ ತೀರ್ಮಾನಿಸಿತು. ಹಣ ಕೊಟ್ಟ ಕಂಪನಿಯವರ ಕಾರು ನೇರವಾಗಿ ಹೋಗಬಲ್ಲ ಜಾಗವೆಂಬುದು ಸ್ಥಳದ ಆಯ್ಕೆಗೆ ಒಂದು ಮುಖ್ಯ ಕಾರಣವಾಗಿತ್ತೆಂದು ಈಗ ಹೇಳಲು ನನಗೆ ಸಂಕಟವಾಗುತ್ತದೆ. ಚೆಕ್ಕಿಗೆ ಸಹಿ ಹಾಕಿದವನು ನಾನೇ.

ತೊಟ್ಟಿಯಲ್ಲಿ ನೀರು ನಿಂತ ಮೇಲೆ ಆನೆಗಳು ಬಂದವು, ಕ್ಯಾಮೆರಾದಲ್ಲಿ ಸೊಗಸಾದ ಚಿತ್ರಗಳೂ ಸಿಕ್ಕವು. ಮಳೆ ಬಂದು, ರಾಗಿ ತೆನೆಗಟ್ಟಿ, ಹುರುಳಿ ಕಾಯಿ ಬಿಟ್ಟ ಹೊತ್ತಿಗೆ ಆ ಆನೆಗಳು ನೀರು ಕುಡಿದು ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಹೊಲಗಳಿಗೆ ಇಳಿದವು. ಸುದ್ದಿ ತಿಳಿದು ನಾನು ಹೋದಾಗ ಒಂದು ಹೊಲದಲ್ಲಿ ರಾಗಿ ಪೈರು ಚಾಪೆಯಂತೆ ಮಲಗಿತ್ತು. ಕೆಸರಿನಲ್ಲಿ ಒತ್ತಿದ್ದ ಒಂದೊಂದು ಹೆಜ್ಜೆಯಲ್ಲೂ ಮಳೆನೀರು ನಿಂತು, ಅದರಲ್ಲಿ ಹಸಿ ತೆನೆಗಳು ತೇಲುತ್ತಿದ್ದವು. ಹೊಲದಂಚಿನ ಮರದ ಮೇಲಿನ ಅಟ್ಟಣೆಯಿಂದ ಹೊಲದ ಒಡತಿ ಇಳಿದು ಬಂದರು. ರಾತ್ರಿಯೆಲ್ಲ ಕಾವಲು ಕೂತು ಅವರ ಕಣ್ಣು ಕೆಂಪಾಗಿದ್ದವು. ನಾನು ಯಾರೆಂದು ತಿಳಿದ ಮೇಲೂ ಅವರು ಬೈಯಲಿಲ್ಲ. “ಹಳ್ಳ ದಾಟಿ ಈ ಕಡೆಗೆ ಬರೋದು ಅವುಗಳ ಹಳೇ ದಾರಿ ಸ್ವಾಮಿ. ಕಂದಕ ತೋಡಿದ ಮೇಲೆ ಬರೋದ ಬಿಟ್ಟಿದ್ದೊ. ತೊಟ್ಟಿ ಕಟ್ಟೋಕೆ ಮುಂಚೆ ಒಂದ್ ಮಾತು ಕೇಳಿದ್ರೆ ನಾವೇ ಹೇಳ್ತಿದ್ದೊ,” ಎಂದಷ್ಟೇ ಹೇಳಿದರು.

ಆ ಮಾತನ್ನು ಊರಿನವರು ನಮ್ಮ ಕ್ಷೇತ್ರ ಕಾರ್ಯಕರ್ತನ ಬಳಿ ಮೊದಲೇ ಆಡಿದ್ದರೆಂದು ಆಮೇಲೆ ತಿಳಿಯಿತು. ಆತ ಅದನ್ನು ತನ್ನ ವರದಿಯಲ್ಲಿ ಬರೆದಿದ್ದ, ವರದಿ ಯೋಜನಾ ಸಂಯೋಜಕರ ಮೇಜಿಗೆ ಬಂದಿತ್ತು, ಅಲ್ಲಿಂದ ಮಂಡಳಿಗೆ ಬರುವ ಸಂಕ್ಷಿಪ್ತ ಟಿಪ್ಪಣಿಯಲ್ಲಿ ಆ ಸಾಲು ಬಿಟ್ಟುಹೋಗಿತ್ತು. ಯಾರೂ ಬೇಕೆಂದು ಮುಚ್ಚಿಟ್ಟದ್ದಲ್ಲ. ಹೊಲದಿಂದ ಸಭೆಯ ಮೇಜಿನವರೆಗೆ ಮಾತು ಮೂರು ಕೈ ದಾಟಬೇಕಾಗಿತ್ತು, ದಾಟುವಷ್ಟರಲ್ಲಿ ಅದರ ಜೀವ ಹೋಗಿತ್ತು. ಮುಂದಿನ ಬೇಸಿಗೆಗೆ ಆ ತೊಟ್ಟಿಗೆ ನೀರು ಬಿಡುವುದನ್ನು ನಿಲ್ಲಿಸಿದೆವು. ಆ ಸುಗ್ಗಿಯಲ್ಲಿ ಕಳೆದುಕೊಂಡದ್ದನ್ನು ನಾಲ್ಕು ಮನೆಗಳಿಗೆ ನಾವು ಪೂರ್ತಿಯಾಗಿ ತುಂಬಿಕೊಡಲಾಗಲಿಲ್ಲ.

ಇದಾದ ಮೇಲೆ ಬಹಳ ಚರ್ಚೆಯಾಗಿ, ಮಂಡಳಿಗೆ ಇಬ್ಬರನ್ನು ಸೇರಿಸಿಕೊಂಡೆವು. ಒಬ್ಬರು ಕಾಡಿನ ಬುಡಕಟ್ಟು ಜನರ ಹಾಡಿಯಲ್ಲಿ ವಾಸವಾಗಿರುವ, ಇಪ್ಪತ್ತಕ್ಕೂ ಹೆಚ್ಚು ವರ್ಷ ದಿನಗೂಲಿ ವಾಚರ್ ಆಗಿ ದುಡಿದ ಹಿರಿಯರು. ಇನ್ನೊಬ್ಬರು ಕಾಡಂಚಿನ ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಂಘವನ್ನು ನಡೆಸಿದ ಹೆಣ್ಣುಮಗಳು. ಮೊದಲ ಸಭೆಯಲ್ಲಿ ಇಬ್ಬರೂ ಬಾಯಿ ಬಿಡಲಿಲ್ಲ. ಎರಡನೆಯ ಸಭೆಯಲ್ಲಿ ಕಳ್ಳಬೇಟೆ ತಡೆ ಶಿಬಿರಗಳ ಸಿಬ್ಬಂದಿಗೆ ಚಳಿಗಾಲದ ಜಾಕೆಟ್ ಕೊಡುವ ವಿಷಯ ಬಂತು, ದರಪಟ್ಟಿಗಳೂ ಸಿದ್ಧವಾಗಿದ್ದವು. ಆಗ ಆ ಹಿರಿಯರು ಮೆಲ್ಲನೆ, ಚಳಿಗೆ ಶಿಬಿರದಲ್ಲಿ ಬೆಂಕಿ ಇರುತ್ತದೆ, ಹುಡುಗರು ಒದ್ದಾಡುವುದು ಜೂನ್ ಜುಲೈನಲ್ಲಿ, ಒದ್ದೆ ಶೂಗಳ ಅಟ್ಟೆ ಕಿತ್ತು ಬರುತ್ತದೆ, ಜಿಗಣೆ ಕಾಲ್ಬೆರಳ ಸಂದಿಗೆ ಸೇರುತ್ತದೆ, ರಾತ್ರಿ ಗಸ್ತಿಗೆ ಟಾರ್ಚಿನ ಸೆಲ್ ಸಾಲುವುದಿಲ್ಲ ಎಂದರು. ಹೇಳುತ್ತಲೇ ತಮ್ಮ ಬಲಗಾಲನ್ನು ಚಪ್ಪಲಿಯಿಂದ ಹೊರತೆಗೆದು ಕುರ್ಚಿಯ ಪಕ್ಕಕ್ಕೆ ಚಾಚಿದರು. ಬೆರಳುಗಳ ನಡುವೆ ಕಪ್ಪುಗಟ್ಟಿದ ಹಳೆಯ ಕಲೆಗಳಿದ್ದವು. ಜಾಕೆಟ್ಟಿನ ದರಪಟ್ಟಿಗಳನ್ನು ಬದಿಗಿಟ್ಟು ಅದೇ ಹಣದಲ್ಲಿ ಗಮ್ ಬೂಟು, ಮಳೆಯಂಗಿ, ರೀಚಾರ್ಜ್ ಆಗುವ ಟಾರ್ಚುಗಳನ್ನು ತರಿಸಿದೆವು. ಅಷ್ಟು ವರ್ಷ ನಾವು ಒಳ್ಳೆಯ ಮನಸ್ಸಿನಿಂದಲೇ ಬೇಡದ್ದನ್ನು ಕೊಡುತ್ತ ಬಂದಿದ್ದೆವೇನೋ ಎಂಬ ಪ್ರಶ್ನೆ ಆ ದಿನ ನನ್ನನ್ನು ತುಂಬ ಕಾಡಿತು.

ಇದು ಹೊಸ ಬೇಡಿಕೆಯೇನೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆರನೆಯ ಕಲಮಿನ ಪ್ರಕಾರ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ರಾಜ್ಯ ವನ್ಯಜೀವಿ ಮಂಡಳಿಗೆ ನೇಮಿಸುವ ಹತ್ತು ಮಂದಿ ಪರಿಣತರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಪಂಗಡದ ಪ್ರತಿನಿಧಿಗಳಿರಬೇಕು. ಅಭಯಾರಣ್ಯದ ಸಲಹಾ ಸಮಿತಿಯಲ್ಲಿ ಪಂಚಾಯತ್ ಸಂಸ್ಥೆಗಳ ಮೂವರು ಪ್ರತಿನಿಧಿಗಳಿರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. 2006ರ ತಿದ್ದುಪಡಿಯಿಂದ ಬಂದ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳ ಉದ್ದೇಶಗಳಲ್ಲೂ ಜನರ ಪಾಲ್ಗೊಳ್ಳುವಿಕೆ ಸೇರಿದೆ. ಇವೆಲ್ಲ ಕಾಗದದ ಮೇಲಿರುವಷ್ಟು ಚೆನ್ನಾಗಿ ನಡೆಯುತ್ತಿವೆಯೇ ಎಂಬುದು ಬೇರೆಯೇ ಚರ್ಚೆ. ಸರ್ಕಾರದ ಮಂಡಳಿಗಳಿಗೆ ಕಾನೂನು ಇಷ್ಟನ್ನಾದರೂ ವಿಧಿಸಿದೆ ಎಂಬುದು ಇಲ್ಲಿ ಮುಖ್ಯ. ಖಾಸಗಿ ಟ್ರಸ್ಟಿಗೆ ಅಂಥ ಕಟ್ಟಳೆ ಇಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾದ ಟ್ರಸ್ಟ್ ಪತ್ರದಲ್ಲಿ ಏನು ಬರೆದಿದೆಯೋ ಅದರಂತೆ, ಇರುವ ಟ್ರಸ್ಟಿಗಳು ತಮಗೆ ಪರಿಚಯವಿರುವವರನ್ನೇ ಹೊಸ ಟ್ರಸ್ಟಿಗಳನ್ನಾಗಿ ಆರಿಸಿಕೊಳ್ಳುತ್ತಾರೆ. ಪರಿಚಯದ ವಲಯ ನಗರದಲ್ಲೇ ಇರುವುದರಿಂದ ಮಂಡಳಿಯೂ ನಗರದಲ್ಲೇ ಉಳಿಯುತ್ತದೆ. 2013ರ ಕಂಪನಿ ಕಾಯ್ದೆಯ ಬಳಿಕ ದೊಡ್ಡ ಕಂಪನಿಗಳ ಲಾಭದ ಶೇ 2ರಷ್ಟು ಸಾಮಾಜಿಕ ಹೊಣೆಗಾರಿಕೆಯ ಹಣ ಇಂಥ ಕೆಲಸಗಳಿಗೂ ಹರಿಯತೊಡಗಿದ ಮೇಲೆ ಈ ವಾಲಿಕೆ ಇನ್ನಷ್ಟು ಹೆಚ್ಚಿದೆ ಎಂಬುದು ನನ್ನ ಅನುಭವ.

ಕಾಡಂಚಿನವರು ಬಂದರೆ ಬೆಳೆ ಪರಿಹಾರದ ದೂರುಗಳಷ್ಟೇ ಬರುತ್ತವೆ ಎಂದು ನಮ್ಮ ಮಂಡಳಿಯಲ್ಲೇ ಒಬ್ಬರು ಅಂಜಿದ್ದರು. ದೂರುಗಳು ಬರುತ್ತವೆ, ಬರಬೇಕು ಕೂಡ. ಕರ್ನಾಟಕದಲ್ಲಿ 2022ರ ಗಣತಿಯಂತೆ 563 ಹುಲಿಗಳು, 2023ರ ಗಣತಿಯಂತೆ 6,395 ಆನೆಗಳು ಇವೆಯೆಂದು ನಾವೆಲ್ಲ ಹೆಮ್ಮೆಪಡುವಾಗ, ಅವುಗಳ ಜೊತೆ ಗಡಿ ಹಂಚಿಕೊಂಡು ಬದುಕುತ್ತಿರುವವರ ದೂರನ್ನು ಕೇಳದೆ ಸಂರಕ್ಷಣೆ ಮಾಡಲಾಗದು. ಆದರೆ ಅವರ ಜೊತೆ ಬರುವುದು ದೂರು ಮಾತ್ರವಲ್ಲ, ತಿಳಿವಳಿಕೆಯೂ ಬರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನ ಹಿರಿಯರು, ಹಿಂದೆ ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ಸಣ್ಣ ತರಗು ಬೆಂಕಿ ನಿಂತ ಮೇಲೆಯೇ ಕಾಡಿನ ಅಡಿಯಲ್ಲಿ ಲಂಟಾನವೆಂಬ ಕಳೆಪೊದೆ ದಟ್ಟವಾಗಿ ಹಬ್ಬಿತೆಂದೂ, ನೆಲ್ಲಿ ಮರಗಳ ಮೇಲೆ ಬಂದಳಿಕೆಯೆಂಬ ಪರಾವಲಂಬಿ ಸಸ್ಯ ಹೆಚ್ಚಿತೆಂದೂ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಸಂಶೋಧಕರು ಆ ಮಾತನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಬೆಂಕಿಯ ವಿಚಾರದಲ್ಲಿ ಎಲ್ಲರ ಅಭಿಪ್ರಾಯ ಒಂದೇ ಅಲ್ಲ. 2019ರಲ್ಲಿ ಬಂಡೀಪುರ ಉರಿದದ್ದನ್ನು ಕಂಡವರಿಗೆ ಬೆಂಕಿ ಎಂದರೆ ಎದೆ ನಡುಗುವುದು ಸಹಜ. ಆದರೂ ಲಂಟಾನ ಕೀಳಿಸಲು ಲಕ್ಷಗಟ್ಟಲೆ ಹಣ ಮಂಜೂರು ಮಾಡುವ ಮಂಡಳಿಯೊಂದು ಆ ಪೊದೆಗಳು ಹಬ್ಬಿದ್ದನ್ನು ತಮ್ಮ ಜೀವಮಾನದಲ್ಲೇ ನೋಡಿದವರ ಮಾತನ್ನು ಎದುರಿಗೆ ಕೂರಿಸಿಕೊಂಡು ಕೇಳದಿದ್ದರೆ, ಅದು ಹಣಕ್ಕೂ ಕಾಡಿಗೂ ಮಾಡುವ ಅನ್ಯಾಯ.

ಹೆಸರಿಗೆ ಒಬ್ಬರನ್ನು ಸೇರಿಸಿಕೊಂಡು ಭಾವಚಿತ್ರ ಹಾಕಿಕೊಂಡರೆ ಪ್ರಯೋಜನವಿಲ್ಲ. ಒಬ್ಬರೇ ಇದ್ದರೆ ಅವರು ಮಾತನಾಡುವುದೇ ಕಷ್ಟ. ಕನಿಷ್ಠ ಇಬ್ಬರಿರಬೇಕು, ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಕಾರ್ಯಸೂಚಿ ಮತ್ತು ನಡಾವಳಿ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಸಭೆಗೆ ಮುಂಚೆಯೇ ಓದಿ ಹೇಳಬೇಕು. ವರ್ಷಕ್ಕೆ ಒಂದು ಸಭೆಯಾದರೂ ಕಾಡಂಚಿನ ಊರಿನಲ್ಲಿ ನಡೆಯಬೇಕು. ಸಭೆಗೆ ಬಂದ ದಿನ ಕಳೆದುಹೋಗುವ ಕೂಲಿಯನ್ನೂ ಬಸ್ ಚಾರ್ಜನ್ನೂ ಟ್ರಸ್ಟ್ ಕೊಡಬೇಕು. ನಮ್ಮಲ್ಲಿ ಇಬ್ಬರಿಗೆ, ನಾಲ್ಕು ಸಭೆಗಳಿಗೆ, ತಲಾ 800 ರೂಪಾಯಿಯಂತೆ ವರ್ಷಕ್ಕೆ 6,400 ರೂಪಾಯಿ ಖರ್ಚಾಗುತ್ತಿತ್ತು. ಅದಕ್ಕೆ ಮುಂಚೆ ಒಂದೇ ಸಭೆಯ ಹೋಟೆಲ್ ಬಾಡಿಗೆಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೇವೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಭಯಾರಣ್ಯದ ಸುತ್ತ ರೆಸಾರ್ಟ್, ಜಮೀನು ಅಥವಾ ಗುತ್ತಿಗೆ ಕೆಲಸದಲ್ಲಿ ಹಿತಾಸಕ್ತಿ ಇರುವವರು ಟ್ರಸ್ಟಿಗಳಾಗಬಾರದೆಂದು ನಾನು ಹೇಳುವುದಿಲ್ಲ. ಅವರಲ್ಲೂ ಕಾಡನ್ನು ಪ್ರೀತಿಸುವವರಿದ್ದಾರೆ. ಆದರೆ ಆ ಹಿತಾಸಕ್ತಿಯನ್ನು ಅವರು ಬರಹದಲ್ಲಿ ತಿಳಿಸಬೇಕು, ಆ ವಿಷಯ ಬಂದಾಗ ಸಭೆಯಿಂದ ಎದ್ದು ಹೊರಗಿರಬೇಕು, ಹಾಗೆ ಹೊರಗಿದ್ದುದು ನಡಾವಳಿಯಲ್ಲಿ ದಾಖಲಾಗಬೇಕು. ಯಾರೇ ಆದರೂ ಮೂರು ವರ್ಷದ ಎರಡು ಅವಧಿಗಳ ಬಳಿಕ ಸ್ಥಾನ ಬಿಟ್ಟುಕೊಡಬೇಕು. ನಾನೇ ಒಂಬತ್ತು ವರ್ಷ ಕುಳಿತಿದ್ದೆ. ಕೊನೆಯ ಮೂರು ವರ್ಷಗಳನ್ನು ಬೇರೊಬ್ಬರಿಗೆ ಬಿಟ್ಟಿದ್ದರೆ ಒಳ್ಳೆಯದಿತ್ತೆಂದು ಈಗ ಅನ್ನಿಸುತ್ತದೆ.

ಈ ತಿಂಗಳುಗಳಲ್ಲಿ ದೇಣಿಗೆ ಕೊಡಲು ಮನಸ್ಸು ಮಾಡಿರುವ ಓದುಗರಲ್ಲಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ವಿಭಾಗಗಳಲ್ಲಿ ಕೆಲಸ ಮಾಡುವವರಲ್ಲಿ ನನ್ನದೊಂದು ವಿನಂತಿ. ಹಣ ಕಳಿಸುವ ಮುನ್ನ ಆ ಸಂಸ್ಥೆಗೆ ಪತ್ರ ಬರೆದು, ನಿಮ್ಮ ಆಡಳಿತ ಮಂಡಳಿಯಲ್ಲಿ ಕಾಡಿನಿಂದ ಐದು ಕಿಲೋಮೀಟರ್ ಒಳಗೆ ವಾಸವಾಗಿರುವವರು ಎಷ್ಟು ಮಂದಿ ಇದ್ದಾರೆ, ಕಳೆದ ವರ್ಷದ ಎಷ್ಟು ಸಭೆಗಳಿಗೆ ಅವರು ಬಂದಿದ್ದರು ಎಂದು ದಯವಿಟ್ಟು ಕೇಳಿ. ಉತ್ತರ ಬಾರದಿದ್ದರೆ ಮತ್ತೊಮ್ಮೆ ಕೇಳಿ.

ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಖಜಾಂಚಿ, ನಿವೃತ್ತ ಬ್ಯಾಂಕ್ ಉದ್ಯೋಗಿ
ಮೈಸೂರು