ಗಿರ್ಲುಗಳಿಗೆ ಬೇಕಾದ ಕತ್ತಲೆ

ಪ್ರೀತಿಯ ಗೆಳೆಯ,

ದೀಪಾವಳಿಗೆ ಬಂದಾಗ ನೀನು ನಮ್ಮ ಜಗಲಿಯ ಅಕ್ವೇರಿಯಂ ಮುಂದೆ ಕೂತವನು ಅಮ್ಮ ಎರಡು ಸಲ ಊಟಕ್ಕೆ ಕರೆದರೂ ಏಳಲಿಲ್ಲ. ಮೊನ್ನೆ ಫೋನ್ ಮಾಡಿ, "ನಾಲ್ಕು ಅಡಿಯ ಟ್ಯಾಂಕ್ ತಂದಿಟ್ಟಿದ್ದೇನೆ ಮಾರಾಯ, ಮುಂದೆ ಏನು ಮಾಡಲಿ" ಎಂದು ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಇನ್ನೂ ಇಬ್ಬರು ಮೂವರು ಇದನ್ನೇ ಕೇಳಿದ್ದಾರೆ. ಹಾಗಾಗಿ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ನೀನು ಮೆಚ್ಚಿಕೊಂಡ ಆ ಆರು ಗಿರ್ಲುಗಳು, ಅಂದರೆ ನಮ್ಮ ಹಳ್ಳದ ಮೀಸೆ ಮೀನುಗಳು (ಕ್ಯಾಟ್‌ಫಿಶ್), ಅಂಗಡಿಯವಲ್ಲ. ಎರಡು ವರ್ಷದ ಹಿಂದೆ ಗದ್ದೆ ಕೊಯ್ಲಾದ ಮೇಲೆ ಕೆಳಗಿನ ಮೂಲೆಯ ಗುಂಡಿ ಬತ್ತುತ್ತಿತ್ತು. ಒಂದು ಬೊಗಸೆ ಕೆಸರುನೀರಿನಲ್ಲಿ ಅವು ಒದ್ದಾಡುತ್ತಿದ್ದವು. ಮಳೆಗಾಲದ ಮೊದಲ ನೀರಿಗೆ ಹಳ್ಳದಿಂದ ಹತ್ತಿ ಬಂದು, ವಾಪಸ್ ಹೋಗಲು ದಾರಿ ಸಿಗದೆ ಉಳಿದವು. ಹಾಗೆ ಹತ್ತಿ ಬರುವ ಮೀನಿಗೆ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಡಲು ನಾವಿಬ್ಬರೂ ನಿನ್ನ ಅಜ್ಜನ ಹಿಂದೆ ಲಾಟೀನು ಹಿಡಿದು ಹೋಗುತ್ತಿದ್ದೆವಲ್ಲ, ಅದೇ ಹಳ್ಳ. ಒಂದು ಸಲ ಗಿರ್ಲು ಚುಚ್ಚಿ ನಿನ್ನ ಹೆಬ್ಬೆರಳು ಬಾತುಕೊಂಡಿತ್ತು, ನೆನಪಿದೆಯಾ? ಈಜುರೆಕ್ಕೆಯ ಆ ಗರಗಸದಂಥ ಮುಳ್ಳನ್ನು ಅದು ನೆಟ್ಟಗೆ ನಿಲ್ಲಿಸಿ ಬೀಗ ಹಾಕಿದ ಹಾಗೆ ಬಿಗಿದುಕೊಳ್ಳುತ್ತದೆ. ಅದರ ಬುಡ ತಿಕ್ಕಿಯೇ ಕಿರ್ ಕಿರ್ ಎಂದು ಸದ್ದು ಮಾಡುವುದು.

ತಂದ ಹೊಸದರಲ್ಲಿ ನಾನು ಅವನ್ನು ಅಂಗಡಿಯ ನೀಲಿ ಜಲ್ಲಿ ಹಾಕಿದ್ದ ಬರಿದಾದ ಟ್ಯಾಂಕಿನಲ್ಲಿ ಬಿಟ್ಟಿದ್ದೆ. ಮೇಲೆ ಬಿಳಿ ಟ್ಯೂಬ್‌ಲೈಟ್. ಆರೂ ಮೀನು ಫಿಲ್ಟರ್ ಪೈಪಿನ ಹಿಂದೆ ಒಂದರ ಮೇಲೊಂದು ಒತ್ತಿಕೊಂಡು ನಿಂತವು. ಒಂದು ವಾರವಾದರೂ ಹೊರಗೆ ಬರಲಿಲ್ಲ. ಇನ್ನೆರಡು ವಾರಕ್ಕೆ ಎರಡು ಮೀನಿನ ಮೀಸೆ ತುದಿಯಲ್ಲಿ ಸವೆದು ಮೊಂಡಾಗಿದ್ದವು. ಗಿರ್ಲಿಗೆ ನಾಲ್ಕು ಜೊತೆ ಮೀಸೆ. ರಾತ್ರಿ ಅದು ಕಣ್ಣಿಗಿಂತ ಜಾಸ್ತಿ ಅವುಗಳಿಂದಲೇ ದಾರಿ ಹುಡುಕುವುದು, ರುಚಿ ನೋಡುವುದು. ಅದನ್ನೇ ನಾನು ಸವೆಸಿಬಿಟ್ಟಿದ್ದೆ. ಆ ದಿನ ನನಗೆ ನಿಜವಾಗಿ ಸಂಕಟವಾಯಿತು.

ಅವನ್ನು ಹಿತ್ತಿಲಿನ ಸಿಮೆಂಟ್ ತೊಟ್ಟಿಗೆ ಬಿಟ್ಟು, ಟ್ಯಾಂಕ್ ಖಾಲಿ ಮಾಡಿದೆ. ಆಮೇಲೆ ಒಂದು ಸಂಜೆ ಹಳ್ಳಕ್ಕೆ ಹೋಗಿ, ನೇರಳೆ ಮರದ ಕೆಳಗಿನ ಗುಂಡಿಯ ಹತ್ತಿರ ಬಂಡೆಯ ಮೇಲೆ ಬೋರಲು ಮಲಗಿ ನೋಡಿದೆ. ಬೇಸಿಗೆಯ ಶುರು, ನೀರು ತಿಳಿಯಾಗಿತ್ತು. ದಡ ಕೊರೆದು ನೇರಳೆಯ ಬೇರು ನೀರಿಗೆ ಜೋತುಬಿದ್ದಿದೆ. ಅದರ ಹಿಂದೆ ಕಪ್ಪು. ಬೆಳಕಿದ್ದಾಗ ಅಲ್ಲಿ ಏನೂ ಕಾಣಲಿಲ್ಲ. ಕತ್ತಲು ಇಳಿಯುತ್ತಿದ್ದಂತೆ ಒಂದು ಬೇರಿನ ಸಂದಿಯಿಂದ ಎರಡು ಮೀಸೆ ಹೊರಬಂದವು. ಆಮೇಲೆ ತಲೆ. ಆಮೇಲೆ ಪಕ್ಕದ ಸಂದಿಯಿಂದ ಇನ್ನೊಂದು. ಅಷ್ಟಿಷ್ಟು ದೂರ ಹೋಗಿ ಮರಳು ತಡಕಿ ಮತ್ತೆ ಬೇರಿಗೆ ಬರುತ್ತಿದ್ದವು. ಓಡಿ ಅಡಗಲು ಜಾಗ ಇದೆ ಎಂದು ಗೊತ್ತಿದ್ದರೆ ಮಾತ್ರ ಅವು ಬಯಲಿಗೆ ಬರುತ್ತವೆ. ಅಡಗುವ ಜಾಗ ಜಾಸ್ತಿ ಮಾಡಿದಷ್ಟೂ ಮೀನು ಜಾಸ್ತಿ ಕಾಣುತ್ತದೆ. ನಿನಗೆ ಇದನ್ನೊಂದು ಹೇಳಿದರೆ ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ಹಾಗಾಗಿ ಮೊದಲು ಕಟ್ಟಿಗೆಯ ವಿಷಯ.

ಹಳ್ಳದಲ್ಲಿ ಬಿದ್ದ ಕೊಂಬೆಯನ್ನೇ ಎತ್ತಿಕೊಂಡು ಬರೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ನಾನು ತರಲಿಲ್ಲ. ಕಾಡಿನ ಕಟ್ಟಿಗೆಗೆ ಅರಣ್ಯ ಕಾನೂನು ಇದೆ, ಹೊಳೆಯಲ್ಲಿ ತೇಲಿ ಬಂದ ಮರಕ್ಕೂ ಇದೆ. ಅದಕ್ಕಿಂತ ಹೆಚ್ಚಾಗಿ, ನೀರಿನಲ್ಲಿ ಬಿದ್ದ ಆ ಕೊಂಬೆ ಆಗಲೇ ಯಾವುದೋ ಮೀನಿನ ಮನೆ. ಆರು ಮೀನಿಗೆ ಮನೆ ಕಟ್ಟಲು ಅರವತ್ತು ಮೀನಿನ ಮನೆ ಕಿತ್ತು ತರುವುದು ನನಗೆ ಸರಿ ಕಾಣಲಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಎಲ್ಲರೂ ದೊಡ್ಡ ಮೀನುಗಳಿಗೆ ಮಂಡಕ್ಕಿ ಎಸೆಯುತ್ತಾ ನಿಲ್ಲುತ್ತಾರಲ್ಲ, ಈಗ ನಾನು ಅಲ್ಲಿ ನಿಂತರೆ ಆಚೆ ದಡದ ಬೇರುಗಳನ್ನೇ ನೋಡುತ್ತಿರುತ್ತೇನೆ.

ನಮ್ಮ ಜಮೀನಿನಲ್ಲೇ ಕಟ್ಟಿಗೆಗೆ ಏನು ಕಡಿಮೆ? ಹಳೆಯ ರೊಬಸ್ಟಾ ಕಾಫಿ ಗಿಡ ಕಿತ್ತು ಹಾಕಿದ ಬೊಡ್ಡೆಗಳು ಮೂರು ವರ್ಷದಿಂದ ಕಣದ ಬದಿಯಲ್ಲಿ ಬಿಸಿಲು ಮಳೆ ತಿನ್ನುತ್ತಾ ಬಿದ್ದಿದ್ದವು. ಕಾಫಿಯ ಬೊಡ್ಡೆ ಗಟ್ಟಿ. ಬೇರುಗಳು ಬೆರಳು ಚಾಚಿದ ಹಾಗೆ ಎಲ್ಲ ಕಡೆಗೂ ಹರಡಿರುತ್ತವೆ. ತಲೆಕೆಳಗಾಗಿಯೋ ಅಡ್ಡವಾಗಿಯೋ ಇಟ್ಟರೆ ದಡದಿಂದ ಇಳಿದ ಬೇರೇ ಸೈ. ಅದರ ಜೊತೆಗೆ ಗದ್ದೆ ಅಂಚಿನಲ್ಲಿ ಗಾಳಿಗೆ ಮುರಿದು ಒಣಗಿದ್ದ ಒಂದು ನೇರಳೆ ಕೊಂಬೆ, ಒಂದು ನೆಲ್ಲಿ ಕೊಂಬೆ. ನೆಲ್ಲಿ ಯಾಕೆ ಎಂದರೆ, ಬಾವಿ ತೋಡಿದಾಗ ತಳಕ್ಕೆ ನೆಲ್ಲಿ ಕಟ್ಟಿಗೆ ಹಾಕಬೇಕು ಎಂದು ಅಜ್ಜಿ ಹೇಳುತ್ತಿದ್ದರು. ನೀರಿನಲ್ಲಿ ಬಾಳುವ ಕಟ್ಟಿಗೆ ಯಾವುದೆಂದು ಅವರಿಗೆ ಗೊತ್ತಿತ್ತು.

ಹಸಿ ಕಟ್ಟಿಗೆ ಮಾತ್ರ ಬೇಡವೇ ಬೇಡ. ಹಾಲು ಒಸರುವ ಮರ, ಅಂಟು ಬರುವ ಮರ, ಕಣಗಿಲೆ, ಕಾಡುಗೇರಿನ ಹಾಗೆ ಮೈ ಸುಡುವ ಸೊನೆಯ ಮರ, ಇವನ್ನೆಲ್ಲ ದೂರ ಇಡು. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡು. ಮೆತ್ತಗೆ ಒಳಗಿಳಿದರೆ ಅಲ್ಲಿ ಕೊಳೆತಿದೆ ಎಂದರ್ಥ, ಗಟ್ಟಿ ಸಿಗುವವರೆಗೂ ಕೆರೆದು ತೆಗೆ. ತೊಗಟೆ ಪೂರ್ತಿ ಹೋಗಬೇಕು.

ಇಲ್ಲಿ ನನಗಾದ ಒಂದು ಅನುಭವ ಹೇಳಲೇಬೇಕು. ಎಲ್ಲಕ್ಕಿಂತ ಚೆಂದದ ತುಂಡು ಸಿಕ್ಕಿದ್ದು ಅಡಿಕೆ ತೋಟದ ಬಸಿಗಾಲುವೆಯಲ್ಲಿ. ನೀರಲ್ಲೇ ನೆನೆದು ಕಪ್ಪಾಗಿತ್ತು, ನಡುವೆ ಕೈ ಹೋಗುವಷ್ಟು ಪೊಳ್ಳು. ನೇರ ಟ್ಯಾಂಕಿಗೆ ಹಾಕಲು ಮನಸ್ಸಾಗದೆ ಒಂದು ಬಕೆಟ್ಟಿನಲ್ಲಿ ಅದನ್ನೂ, ಇನ್ನೊಂದರಲ್ಲಿ ಕಾಫಿ ಬೊಡ್ಡೆಯನ್ನೂ ಇಟ್ಟು, ಎರಡಕ್ಕೂ ಐದೈದು ಬಸವನಹುಳು ಬಿಟ್ಟೆ. ಕಾಫಿ ಬೊಡ್ಡೆಯ ಹುಳುಗಳು ಆರಾಮಾಗಿ ಮೇಯುತ್ತಿದ್ದವು. ಕಾಲುವೆಯ ತುಂಡಿನ ಬಕೆಟ್ಟಿನಲ್ಲಿ ಎರಡನೇ ದಿನಕ್ಕೆ ಐದೂ ಚಿಪ್ಪು ಮುಚ್ಚಿಕೊಂಡು ತಳ ಸೇರಿದ್ದವು, ಮತ್ತೆ ಏಳಲಿಲ್ಲ. ಯೋಚಿಸಿದರೆ ತಾಮ್ರವೇ ಇರಬೇಕು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನಿನಗೆ ಗೊತ್ತೇ ಇದೆ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ವರ್ಷ ವರ್ಷ ಅದೆಲ್ಲ ತೊಳೆದು ಕಾಲುವೆಗೇ ಇಳಿಯುತ್ತದೆ. ತಾಮ್ರ ಬಸವನಹುಳುವಿಗೆ ವಿಷ, ಗಿರ್ಲಿಗೂ ಒಳ್ಳೆಯದಲ್ಲ. ಗಿರ್ಲಿನ ಮೈಮೇಲೆ ಹುರುಪೆಯೇ ಇಲ್ಲ, ಬರೀ ಚರ್ಮ. ಅದೇ ಕಾರಣಕ್ಕೆ ಮೀನಿನ ಔಷಧಿಗಳನ್ನೂ ಸುಮ್ನೆ ಸುರಿಯಬಾರದು. ಕಾಫಿಗೂ ಬೋರ್ಡೋ ಹೊಡೆಯುತ್ತಾರಲ್ಲ ಎಂದು ನೀನು ಕೇಳಬಹುದು. ಅದಕ್ಕೇ ನಾನು ಕೊಂಬೆ ಬಿಟ್ಟು ಬುಡ ಮತ್ತು ಬೇರು ತಗೊಂಡೆ, ಮೇಲ್ಪದರ ಕೆರೆದೆ, ಬಸವನಹುಳು ಬಿಟ್ಟು ಎರಡು ವಾರ ನೋಡಿದೆ. ನೀನು ಎಲ್ಲಿಂದ ಕಟ್ಟಿಗೆ ತಂದರೂ ಈ ಪರೀಕ್ಷೆ ಬಿಡಬೇಡ.

ಆಮೇಲೆ ಕುದಿಸುವುದು. ನಮ್ಮ ಬಚ್ಚಲುಮನೆಯ ಹಳೇ ಹಂಡೆ ಇದಕ್ಕೆ ಹೇಳಿ ಮಾಡಿಸಿದ್ದು. ಮೂರು ಗಂಟೆ ಕುದಿಸಿದರೆ ನೀರು ಕಷಾಯದ ಬಣ್ಣಕ್ಕೆ ಬಂತು. ಚೆಲ್ಲಿ ಇನ್ನೊಂದು ಸಲ ಕುದಿಸಿದೆ. ಕುದಿಸುವುದರಿಂದ ಒಳಗಿನ ಹುಳ, ಬೂಷ್ಟು ಸಾಯುತ್ತವೆ, ಕಟ್ಟಿಗೆಯೊಳಗಿನ ಗಾಳಿ ಹೊರಟು ಆ ಜಾಗಕ್ಕೆ ನೀರು ತುಂಬುತ್ತದೆ. ಬೆಂಗಳೂರಿನಲ್ಲಿ ಅಷ್ಟು ದೊಡ್ಡ ಪಾತ್ರೆ ಇಲ್ಲದಿದ್ದರೆ ಬಕೆಟ್ಟಿನಲ್ಲಿಟ್ಟು ಕುದಿಯುವ ನೀರನ್ನು ನಾಲ್ಕೈದು ಸಲ ಸುರಿ. ನಂತರ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಿಸಿದೆ. ನೇರಳೆ ಮೂರು ವಾರಕ್ಕೆ ತಾನಾಗಿ ಮುಳುಗಿತು. ಕಾಫಿ ಬೊಡ್ಡೆಗೆ ಏಳು ವಾರ ಹಿಡಿಯಿತು.

ಮರಳಿಗೆ ಎಂ-ಸ್ಯಾಂಡ್ ಬಳಸಬೇಡ. ಅದು ಕಲ್ಲು ಒಡೆದು ಮಾಡಿದ್ದು, ಕಾಳುಕಾಳಿಗೂ ಚೂಪು ಅಂಚು. ಮೀಸೆ ಮತ್ತೆ ಸವೆಯುತ್ತದೆ. ನಮ್ಮ ಕೊಟ್ಟಿಗೆ ಕಟ್ಟಿದಾಗ ಉಳಿದಿದ್ದ ಎರಡು ಬುಟ್ಟಿ ಹೊಳೆಮರಳು ಇತ್ತು. ಜರಡಿ ಹಿಡಿದು, ನೀರು ತಿಳಿಯಾಗುವ ತನಕ ತೊಳೆದೆ. ಒಂದು ಚಮಚ ಮರಳಿನ ಮೇಲೆ ನಿಂಬೆರಸ ಹಿಂಡಿ ನೋಡು, ನೊರೆ ಎದ್ದರೆ ಸುಣ್ಣ ಇದೆ, ಬೇಡ. ಎರಡು ಇಂಚು ದಪ್ಪ ಸಾಕು. ಜಾಸ್ತಿ ಆದರೆ ಅಡಿಯಲ್ಲಿ ಕಪ್ಪಾಗಿ ನಾರುತ್ತದೆ.

ಕಟ್ಟಿಗೆ ತೇಲದ ಹಾಗೆ ಅದರ ಬುಡಕ್ಕೆ ಕಲ್ಲಿನ ಹಲಗೆ ಕೂರಿಸಿ, ಸ್ಟೀಲ್ ಸ್ಕ್ರೂ ಹಾಕಬಹುದು. ಹಲಗೆಗೆ ಅಡುಗೆಮನೆಯ ಗ್ರಾನೈಟ್ ಚೂರು ಆಗುತ್ತದೆ. ಕಡಪ ಕಲ್ಲು ಬೇಡ, ಅದು ಸುಣ್ಣದ ಕಲ್ಲಿನ ಜಾತಿ. ಕಲ್ಲು, ಬೊಡ್ಡೆ ಎಲ್ಲವನ್ನೂ ಮೊದಲು ಗಾಜಿನ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಹಾಕು. ಮರಳಿನ ಮೇಲೆ ಇಟ್ಟರೆ ಮೀನು ಅಡಿಯಲ್ಲಿ ತೋಡುತ್ತದೆ, ಕಲ್ಲು ಜಾರುತ್ತದೆ.

ಜೋಡಿಸುವ ಕೆಲಸಕ್ಕೆ ನಾನು ಎರಡು ಭಾನುವಾರ ಕೊಟ್ಟೆ. ಮೊದಲ ಸಲ ಬೊಡ್ಡೆಯನ್ನು ನಡುಮಧ್ಯೆ, ದೇವರ ಮಂಟಪದ ಹಾಗೆ ಇಟ್ಟಿದ್ದೆ. ಚೆಂದ ಕಂಡಿತು, ಆದರೆ ಹಳ್ಳದಲ್ಲಿ ಹಾಗಿರುವುದಿಲ್ಲ ಅಲ್ವಾ? ಬೇರು ಯಾವಾಗಲೂ ದಡದಿಂದ ಬರುತ್ತದೆ. ಹಾಗಾಗಿ ಎಡ ಮೂಲೆಗೆ ಒತ್ತಿ, ಬೇರಿನ ತುದಿಗಳು ಮೇಲಿನಿಂದ ಇಳಿಜಾರಾಗಿ ಬಲಕ್ಕೆ ಚಾಚುವಂತೆ ಇಟ್ಟೆ. ಎರಡು ಬೇರು ನೀರಿನ ಮೇಲಕ್ಕೂ ಬಂದಿವೆ. ನೇರಳೆ ಕೊಂಬೆ ಅದರ ಹಿಂದೆ ಅಡ್ಡ. ಎರಡರ ನಡುವೆ ಆದ ಕತ್ತಲೆಯೇ ಗಿರ್ಲುಗಳ ಮನೆ. ಬಲಗಡೆ ಅರ್ಧ ಟ್ಯಾಂಕ್ ಬರೀ ಮರಳು, ನಾಲ್ಕು ಉರುಟು ಕಲ್ಲು. ಸಂದಿಗಳನ್ನು ಕೈ ಹಾಕಿ ಪರೀಕ್ಷಿಸು. ಒಂದೇ ಬಾಯಿಯ ಇಕ್ಕಟ್ಟಾದ ತೂತು ಇದ್ದರೆ ಮುಚ್ಚು. ಮುಳ್ಳು ಬಿಗಿದುಕೊಂಡು ಮೀನು ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಆರು ಮೀನಿಗೆ ಎಂಟು ಹತ್ತು ಸಂದಿ ಇರಲಿ, ಜಗಳ ಕಡಿಮೆ.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಎಂದರೆ 255 ಲೀಟರ್ ಹತ್ತಿರ. ತುಂಬಿದ ಮೇಲೆ ಕಾಲು ಟನ್ನಿಗಿಂತ ಜಾಸ್ತಿ ಭಾರ, ಮೇಜು ನೋಡಿಕೊಂಡು ಇಡು. ನೀರು ತುಂಬಿದ ಕೂಡಲೇ ಮೀನು ಬಿಡಬೇಡ. ಮೀನಿನ ಹೊಲಸಿನಿಂದ ಅಮೋನಿಯ ಬರುತ್ತದೆ. ಅದನ್ನು ಒಂದು ಜಾತಿ ಬ್ಯಾಕ್ಟೀರಿಯ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನನ್ನು ಕೊಲ್ಲುವಂಥವು. ಈ ಬ್ಯಾಕ್ಟೀರಿಯ ಫಿಲ್ಟರಿನಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಹೊಟ್ಟೆಪಾಡಿಗೆ ಅವಕ್ಕೂ ಏನಾದರೂ ಬೇಕಲ್ಲ, ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರ ಹಾಕು. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆಯೇ ಮೀನು.

ಆ ವಾರಗಳಲ್ಲಿ ಕಟ್ಟಿಗೆಯ ಮೇಲೆ ಬಿಳಿ ಲೋಳೆ ಕಟ್ಟುತ್ತದೆ. ನನ್ನದು ಹತ್ತಿ ಸುತ್ತಿದ ಹಾಗೆ ಆಗಿತ್ತು. ಹೆದರಿ ಕಿತ್ತು ಎಸೆಯಬೇಡ. ಅದರಿಂದ ತೊಂದರೆ ಇಲ್ಲ, ಬಸವನಹುಳುಗಳಿಗೆ ಅದು ಹಬ್ಬ. ನೀರು ಚಹಾ ಬಣ್ಣಕ್ಕೆ ತಿರುಗಿದರೂ ಚಿಂತೆ ಬೇಡ. ನಾನಂತೂ ಬೇಕೆಂದೇ ಒಣಗಿದ ಕಾಡುಬಾದಾಮಿ ಎಲೆ, ಸೀಬೆ ಎಲೆ ತೊಳೆದು ಮರಳಿನ ಮೇಲೆ ಹಾಸುತ್ತೇನೆ. ಆ ಬಣ್ಣದ ನೀರಿನಲ್ಲೇ ಗಿರ್ಲಿನ ಮೈಯ ಪಟ್ಟೆಗಳು ಎದ್ದು ಕಾಣುವುದು. ಬೆಳಕು ಕಡಿಮೆ ಇಡು, ಮೇಲೆ ಒಂದಿಷ್ಟು ಅಂತರಗಂಗೆ ತೇಲಲಿ. ಜಾಸ್ತಿ ಆದದ್ದನ್ನು ಗೊಬ್ಬರಕ್ಕೆ ಹಾಕು, ಕೆರೆಗೆ ಎಸೆಯಬೇಡ.

ಕೆರೆ ಎಂದಾಗ ನೆನಪಾಯಿತು. ನಿನ್ನ ಮಗಳು ಇಟ್ಟುಕೊಂಡಿರುವ ಸಕ್ಕರ್ ಮೀನೂ ಒಂದು ಕ್ಯಾಟ್‌ಫಿಶ್ಶೇ, ದಕ್ಷಿಣ ಅಮೆರಿಕದ್ದು. ಈಗ ಬೆರಳುದ್ದ ಇದೆ, ಮುಂದೆ ಒಂದು ಅಡಿ ದಾಟುತ್ತದೆ. ಟ್ಯಾಂಕ್ ಸಾಲದು ಎಂದು ಜನ ಕೆರೆಗೆ ಬಿಟ್ಟು ಬಿಟ್ಟು, ಕೋಲ್ಕತ್ತಾದ ಜೌಗು ಭೂಮಿಯಲ್ಲಿ, ಕೇರಳ, ಆಂಧ್ರದ ನೀರಿನಲ್ಲಿ ಅದು ಬೇರೂರಿಬಿಟ್ಟಿದೆ. ಬೆಳೆದಾಗ ಅಂಗಡಿಗೆ ವಾಪಸ್ ಕೊಡು, ಅಥವಾ ದೊಡ್ಡ ತೊಟ್ಟಿ ಇರುವವರಿಗೆ ಕೊಡು. ಮಗಳಿಗೆ ಈಗಲೇ ಹೇಳಿಡು.

ಊಟ ಕತ್ತಲಾದ ಮೇಲೆ ಹಾಕು. ಮುಳುಗುವ ಗುಳಿಗೆ, ವಾರಕ್ಕೊಮ್ಮೆ ಎರೆಹುಳು. ವಾರಕ್ಕೆ ಕಾಲುಭಾಗ ನೀರು ಬದಲಿಸು. ಗಿರ್ಲಿನ ಬಾಯಿಗೆ ಹಿಡಿಯುವಷ್ಟು ಸಣ್ಣ ಮೀನನ್ನು ಜೊತೆಗೆ ಬಿಟ್ಟರೆ ಬೆಳಿಗ್ಗೆ ಅದು ಇರುವುದಿಲ್ಲ. ಮೀನು ಎತ್ತುವಾಗ ಬಲೆ ಬೇಡ, ಮುಳ್ಳು ಸಿಕ್ಕುತ್ತದೆ. ಡಬ್ಬಿಯಲ್ಲಿ ನೀರಿನ ಸಮೇತ ಹಿಡಿ.

ಮೀನು ಬಿಟ್ಟ ಮೊದಲ ರಾತ್ರಿ ದೀಪ ಆರಿಸಿ, ಟಾರ್ಚಿಗೆ ಕೆಂಪು ಬಟ್ಟೆ ಸುತ್ತಿ ಕೂತಿದ್ದೆ. ಅರ್ಧ ಗಂಟೆಗೆ ಕಾಫಿ ಬೇರಿನ ನಡುವಿನಿಂದ ಎರಡು ಮೀಸೆ ಬಂದವು, ಹಳ್ಳದಲ್ಲಿ ಕಂಡ ಹಾಗೇ. ಹತ್ತು ನಿಮಿಷಕ್ಕೆ ಆರೂ ಹೊರಗೆ. ಫಿಲ್ಟರಿನ ನೀರು ಬರುವ ಕಡೆಗೆ ಮುಖ ಮಾಡಿ ಸಾಲಾಗಿ ನಿಂತವು. ಸವೆದಿದ್ದ ಮೀಸೆಗಳೂ ನಾಲ್ಕು ತಿಂಗಳಲ್ಲಿ ಸುಮಾರಾಗಿ ಬೆಳೆದುಕೊಂಡವು. ನೀನು ದೀಪಾವಳಿಯಲ್ಲಿ ಹಗಲಿನಲ್ಲೇ ಅವನ್ನು ನೋಡಿದೆಯಲ್ಲ, ಅಷ್ಟು ಧೈರ್ಯ ಬಂದಿದೆ ಈಗ.

ನಿನಗೆಂದು ಇನ್ನೊಂದು ಬೊಡ್ಡೆ ಆರಿಸಿ ಕುದಿಸಿ ಡ್ರಮ್ಮಿಗೆ ಹಾಕಿದ್ದೇನೆ. ಮೂರು ವಾರ ಆಯಿತು, ಇನ್ನೂ ಒಂದು ತುದಿ ತೇಲುತ್ತಿದೆ. ಯುಗಾದಿಗೆ ನೀನು ಬರುವ ಹೊತ್ತಿಗೆ ತಳ ಸೇರಿರುತ್ತದೆ. ಬರುವಾಗ ಎರಡು ಗೋಣಿಚೀಲ ತಾ. ಒಣಗಿದರೆ ಮತ್ತೆ ತೇಲುತ್ತದೆ, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡೇ ಬೆಂಗಳೂರಿಗೆ ಒಯ್ಯಬೇಕು.

ನಿನ್ನ
ಹಳ್ಳದ ಕಡೆಯ ಗೆಳೆಯ