ಮುಖವೀಣೆಯ ದನಿ ಅಳಿಸಿಹೋದ ವಿಡಿಯೊ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ನಮಸ್ಕಾರಗಳು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವವನು ನಾನು. ಊರು ತುಮಕೂರು ಕಡೆ. ನಮ್ಮ ಸೋದರಮಾವ ನಮ್ಮ ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯದಲ್ಲಿ ಭಾಗವತರು, ಅಂದರೆ ಹಾಡುತ್ತಾ ಆಟ ನಡೆಸುವವರು. ಹೋದ ವರ್ಷ ಜಾತ್ರೆಯಲ್ಲಿ ಅವರ ಮೇಳದ ಆಟವಿತ್ತು. ರಾತ್ರಿ 10ಕ್ಕೆ ಗಣಪತಿ ಪೂಜೆ, ಆಮೇಲೆ ನಗಿಸುವ ಕೋಡಂಗಿ ವೇಷ, ಅಲ್ಲಿಂದ ಬೆಳಗಿನ ಜಾವದವರೆಗೂ ಪ್ರಸಂಗ, ಅಂದರೆ ಆಟದ ಕಥೆ. ಊರಿನ ಹುಡುಗನೊಬ್ಬ ವೇಷ ತೆರೆ ಸರಿಸಿ ನುಗ್ಗುವ 20 ಸೆಕೆಂಡನ್ನು ರೀಲ್ಸ್ ಮಾಡಿ ಹಾಕಿದ. ಸಾವಿರಾರು ಜನ ನೋಡಿದರು. ನಾನೂ ಬಸ್ಸಿನಲ್ಲಿ ನಿಂತುಕೊಂಡೇ ಸದ್ದಿಲ್ಲದೆ ನಾಲ್ಕು ಸಲ ನೋಡಿದೆ. ಹೆಮ್ಮೆಯಾಯಿತು. ಮನೆಗೆ ಬಂದು ದನಿ ಹಾಕಿದರೆ ಯಾವುದೋ ಸಿನಿಮಾದ ಮ್ಯೂಸಿಕ್ಕು! ಗೆಜ್ಜೆಕಾಲು ಒಂದು ತಾಳಕ್ಕೆ ಬೀಳುತ್ತಿದೆ, ಕಿವಿಗೆ ಬೀಳುತ್ತಿರುವುದು ಇನ್ನೊಂದು. ಅವತ್ತು ಮುಖವೀಣೆ ಎಂಬ ಪುಟ್ಟ ಓಲಗದಂಥ ವಾದ್ಯ ಊದಿದ್ದ ತಾತ ಮೂರೇ ತಿಂಗಳಿಗೆ ತೀರಿಕೊಂಡರು. ಅವರಿಂದ ಕಲಿತವರಿಲ್ಲ, ಆ ಜಾಗದಲ್ಲೀಗ ಹಾರ್ಮೋನಿಯಂ ಕೂತಿದೆ. ಹುಡುಗನನ್ನು ಕೇಳಿದೆ. ಫೋನಿನಲ್ಲಿ ಜಾಗ ಸಾಲದೆ ಮೂಲ ವಿಡಿಯೊ ಡಿಲೀಟ್ ಮಾಡಿದ್ದನಂತೆ.

ಅವನನ್ನು ದೂರುತ್ತಿಲ್ಲ. ಅವನು ಹಾಕದಿದ್ದರೆ ನಮ್ಮ ಆಟ ಊರಾಚೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಆ್ಯಪ್‌ಗಳು ಕಾಪಾಡುತ್ತವೆ ಎಂದು ನಂಬಿ ಕೂರುವಂತಿಲ್ಲ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದರಲ್ಲಿದ್ದ ಡೊಳ್ಳು, ಪೂಜಾ ಕುಣಿತ, ತತ್ವಪದಗಳೂ ಅದರ ಜೊತೆಗೇ ಹೋದವಲ್ಲ.

ನಿಮ್ಮ ಇಲಾಖೆಯಲ್ಲಿ ಜಾನಪದ, ಯಕ್ಷಗಾನ, ಬಯಲಾಟ ಎಂದು ಮೂರು ಅಕಾಡೆಮಿಗಳಿವೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವಂತೂ ಕಣ್ಣೆದುರಿಗೇ ಇದೆ. ವಯಸ್ಸಾದ ಭಾಗವತರಿರುವ ಮೇಳಗಳಿಂದಲೇ ಶುರುಮಾಡಿ. ಇಡೀ ರಾತ್ರಿಯ ಆಟ ರೆಕಾರ್ಡ್ ಆಗಲಿ. ಹಿಮ್ಮೇಳಕ್ಕೆ ಬೇರೆ ಮೈಕು ಬೇಕೇ ಬೇಕು, ಮದ್ದಳೆಯ ಪೆಟ್ಟು ಬಿಡಿಬಿಡಿಯಾಗಿ ಕೇಳದಿದ್ದರೆ ನಾಳೆ ಕಲಿಯುವವರು ಏನನ್ನು ನೋಡಿ ಕಲಿಯಬೇಕು? ಕಲಾವಿದರ ಸಂಭಾವನೆ ಅವತ್ತೇ ಕೈಸೇರಲಿ, ಬಿಲ್ಲಿಗಾಗಿ ಅಲೆಸಬೇಡಿ.

ಆಮೇಲೆ ಅದರಿಂದಲೇ ತುಣುಕು ತೆಗೆಯಿರಿ. ಯೂಟ್ಯೂಬ್ ಶಾರ್ಟ್ಸ್ ಈಗ 3 ನಿಮಿಷದವರೆಗೂ ಹೋಗುತ್ತದೆ. ಆಟದ ಒಂದು ಹಾಡನ್ನು ಅರ್ಧಕ್ಕೆ ಕತ್ತರಿಸದೆ ಕೇಳಿಸಬಹುದು. ಕೆಳಗೆ ಹಾಡಿದವರ ಹೆಸರು, ಊರು, ಪ್ರಸಂಗ, ಪೂರ್ತಿ ಆಟದ ಲಿಂಕು ಇರಲಿ. ನಮ್ಮ ಹುಡುಗನಂಥವರಿಗೇ ಒಂದೆರಡು ದಿನ ತರಬೇತಿ ಕೊಟ್ಟರೆ ಈ ಕೆಲಸ ಅವರೇ ಚೆನ್ನಾಗಿ ಮಾಡುತ್ತಾರೆ.

ಮಾವನಿಗೀಗ 71. ಏಳು ಪ್ರಸಂಗ ಬಾಯಿಪಾಠ, ಎರಡಕ್ಕೆ ಮಾತ್ರ ಪುಸ್ತಕವಿದೆ. ಶಿವರಾತ್ರಿ ಕಳೆದ ಮೇಲೆ ಊರಲ್ಲಿ ಮತ್ತೆ ಆಟ ಇಟ್ಟುಕೊಂಡಿದ್ದಾರೆ. ಮೈಕು ಹಿಡಿದು ಯಾರನ್ನಾದರೂ ಕಳಿಸಿಕೊಡಿ. ಊಟ, ಮಲಗುವ ವ್ಯವಸ್ಥೆ ನಮ್ಮ ಮನೆಯಲ್ಲೇ.

ಇಂತಿ,
ಮೂಡಲಪಾಯದ ಭಾಗವತರೊಬ್ಬರ ಸೋದರಳಿಯ
ಪೀಣ್ಯ, ಬೆಂಗಳೂರು