ಹಳೆಯ ಮಸ್ಟಾಂಗ್‌ಗೆ ಹೊಸ ಸೀಟು: ಮೊದಲು ನೆಲ ನೋಡಿ

ಸಂಪಾದಕರೇ,

ಅಮೆರಿಕದ 1965–66ರ ಫೋರ್ಡ್ ಮಸ್ಟಾಂಗ್ ಕಾರಿಗೆ ಹೊಸ ಬಕೆಟ್ ಸೀಟು (ಒಬ್ಬರಷ್ಟೇ ಕೂರುವ ಬಿಡಿ ಸೀಟು) ಹಾಕಿಸುವವರು ಬಣ್ಣ, ಹೊಲಿಗೆ ನೋಡಿದಷ್ಟೇ ಕಾಳಜಿಯಿಂದ ನೆಲದ ತಗಡನ್ನೂ ನೋಡಬೇಕು. ಕಾರ್ಪೆಟ್ ಎತ್ತಿ, ತುಕ್ಕು ತಿಂದ ಭಾಗ ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿಸದೆ ಸೀಟು ಕೂರಿಸಲೇಬಾರದು. ಹೊಸ ಸೀಟನ್ನು ಹಳೆಯ ನೆಲಕ್ಕೆ ಹೊಂದಿಸುವ ಅಡಾಪ್ಟರ್ ಬ್ರಾಕೆಟ್‌ನಿಂದ ಸೀಟು ಎರಡು ಮೂರು ಸೆಂ.ಮೀ. ಎತ್ತರವಾದರೂ ತೊಡೆ ಸ್ಟೀರಿಂಗ್‌ಗೆ ತಾಗಬಹುದು; ಕೊಳ್ಳುವ ಮುನ್ನವೇ ಅಳೆಯಿರಿ. ಸೀಟನ್ನು ನೆಲಕ್ಕೆ ಹಿಡಿಸುವ ನಟ್‌ಗಳನ್ನು ಮೊದಲು ಕೈಯಲ್ಲಷ್ಟೇ ತಿರುಗಿಸಿ, ಸೀಟನ್ನು ಹಿಂದೆ ಮುಂದೆ ಸರಿಸಿ, ಆಮೇಲೆ ಬಿಗಿ ಮಾಡಿ. ಸೀಟು ಜಾರುವ ಹಳಿಗಳು ಸಮಾನಾಂತರವಾಗಿ ಕೂರದಿದ್ದರೆ ಸೀಟು ಸಿಕ್ಕಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯ ಸೀಟ್ ಬೆಲ್ಟ್. ನೆಲದಲ್ಲಿ ಹೊಸದಾಗಿ ರಂಧ್ರ ಕೊರೆದು ಹಾಕುವುದಾದರೆ 7/16 ಇಂಚಿನ ಗ್ರೇಡ್ 8 (ಹೆಚ್ಚು ಬಲದ ದರ್ಜೆಯ) ಬೋಲ್ಟ್, ತಗಡಿನ ಅಡಿಗೆ 3 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟ್ ಬೇಕೇ ಬೇಕು. ಬರೀ ವಾಷರ್ ಇದ್ದರೆ ಡಿಕ್ಕಿಯ ಹೊಡೆತಕ್ಕೆ ಬೋಲ್ಟ್ ತಗಡನ್ನೇ ಹರಿದುಕೊಂಡು ಕಿತ್ತುಬರುತ್ತದೆ. ಪ್ಲೇಟ್ ಇಲ್ಲದ ಬೆಲ್ಟ್ ಕಿಟ್ ಮಾರುವುದೇ ತಪ್ಪು.